ಮುಗಿಯದ ರಜೆ

ನಿವೃತ್ತಿ ಎಂಬುದು ಬಹುಪಾಲು ಮನುಷ್ಯರಿಗೆ ಬಾಳಿನ ಸಂಜೆಯಲ್ಲಿ ಎದುರಾಗುವ ಸಂಗತಿ. ಅರುವತ್ತು ತುಂಬಿರುತ್ತದೆ, ಮಕ್ಕಳು ತಮ್ಮ ತಮ್ಮ ದಾರಿ ಹಿಡಿದಿರುತ್ತಾರೆ, ದೇಹವೂ ವಿಶ್ರಾಂತಿಯನ್ನು ಕೇಳತೊಡಗಿರುತ್ತದೆ. ಸೈನಿಕನಿಗೆ ಅದು ನಡುಹಗಲಿನಲ್ಲೇ ಬಂದುಬಿಡುತ್ತದೆ. ಮೀಸೆ ಬಲಿಯುವ ಮೊದಲೇ ಭರ್ತಿಯಾದ ಹುಡುಗ 15 ವರ್ಷ ಸೇವೆ ಸಲ್ಲಿಸಿದರೆ ಪಿಂಚಣಿಗೆ ಅರ್ಹ. ಬಹುತೇಕ ಜವಾನರು 35ರಿಂದ 45ರ ಒಳಗೆ ಸಮವಸ್ತ್ರವನ್ನು ಕಳಚಿಡುತ್ತಾರೆ. ಆ ವಯಸ್ಸಿನಲ್ಲಿ ಅವನ ಜೊತೆ ಓದಿದ ಗೆಳೆಯನೊಬ್ಬ ಶಾಲೆಯ ಮುಖ್ಯೋಪಾಧ್ಯಾಯನಾಗುವ ಹೊಸ್ತಿಲಲ್ಲಿರುತ್ತಾನೆ, ಇನ್ನೊಬ್ಬ ಹೊಲಕ್ಕೆ ಕೊಳವೆಬಾವಿ ತೆಗೆಸಿ ಸಾಲ ತೀರಿಸುವ ಲೆಕ್ಕದಲ್ಲಿರುತ್ತಾನೆ. ಇವನು ಮಾತ್ರ ಆಗಲೇ ಮಾಜಿ. ಹಿಮದ ನೆತ್ತಿಗೆ ಹೊರೆ ಹೊತ್ತು ಏರಲು ಎಳೆಯ ಎದೆಯೇ ಬೇಕು. ಸೈನ್ಯವು ತಾರುಣ್ಯವನ್ನು ಬೇಡುವುದರಲ್ಲಿ ತಪ್ಪಿಲ್ಲ. ಆದರೆ ಆಯುಷ್ಯದ ಅತ್ಯಂತ ಕಸುವಿನ ಭಾಗವನ್ನು ಗಡಿಯಲ್ಲಿ ಕಳೆದು, ಉಳಿದರ್ಧವನ್ನು ಹಿಡಿದುಕೊಂಡು ಮನೆಗೆ ಬಂದವನು ಅದನ್ನು ಹೇಗೆ ಬಾಳುತ್ತಾನೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಬೆಳಗಾವಿ ಸೀಮೆಯ ನಮ್ಮ ಊರುಗಳಲ್ಲಿ ಸೈನ್ಯ ಎಂಬುದು ದೂರದ ಮಾತಲ್ಲ. ಮರಾಠಾ ಲೈಟ್ ಇನ್ಫಂಟ್ರಿಯ ತರಬೇತಿ ಕೇಂದ್ರ ನಗರದಲ್ಲೇ ಇದೆ. ಮುಂಜಾನೆಯ ಕತ್ತಲಲ್ಲಿ ಭರ್ತಿಗಾಗಿ ಓಡುವ ಹುಡುಗರು ರಸ್ತೆಯಲ್ಲಿ ಸಿಗುತ್ತಾರೆ. ಈಚಿನ ವರ್ಷಗಳಲ್ಲಿ ಸೇವೆ ಮುಗಿಸಿ ಬರುವವರನ್ನು ರೈಲು ನಿಲ್ದಾಣದಿಂದಲೇ ಹಾರ ಹಾಕಿ, ತೆರೆದ ವಾಹನದಲ್ಲಿ ಮೆರವಣಿಗೆ ಮಾಡಿ ಊರಿಗೆ ಕರೆತರುವ ಪದ್ಧತಿಯೂ ಬೆಳೆದಿದೆ. ಅದು ಒಳ್ಳೆಯ ಪದ್ಧತಿ. ನಾನು ಯೋಚಿಸುವುದು ಮರುದಿನದ ಬೆಳಗಿನ ಬಗ್ಗೆ. ಹಾರಗಳು ಬಾಡಿರುತ್ತವೆ, ಹೆಸರು, ನಂಬರು, ದಳದ ಗುರುತುಗಳನ್ನು ಬಿಳಿಯ ಬಣ್ಣದಲ್ಲಿ ಬರೆಸಿದ ಕಪ್ಪು ಟ್ರಂಕು ನಡುಮನೆಯ ಮೂಲೆಯಲ್ಲಿರುತ್ತದೆ. ನಾಲ್ಕೂವರೆಗೆ ಎಚ್ಚರವಾದವನಿಗೆ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲವೆಂಬುದು ಹಾಸಿಗೆಯ ಅಂಚಿನಲ್ಲಿ ಕುಳಿತ ಮೇಲೆ ನೆನಪಾಗುತ್ತದೆ. ನನ್ನ ಸೋದರಮಾವ ಹೀಗೆ ಬಂದವರು. ಅವರು ಬಂದು ಕೆಲವು ತಿಂಗಳಾದ ಮೇಲೆ ಅತ್ತಿ ನನ್ನೊಡನೆ ದನಿ ತಗ್ಗಿಸಿ ಹೇಳಿದ್ದಳು: “ಇವರು ಇನ್ನೂ ರಜಾದ ಮ್ಯಾಲೆ ಬಂದಂಗನ ಇದ್ದಾರ ನೋಡಪಾ. ಯಾವಾಗ ಹೊಂಟು ಹೋಗ್ತಾರೋ ಅನ್ನಿಸ್ತದ.” ಅದರಲ್ಲಿ ದೂರಿರಲಿಲ್ಲ, ಇಷ್ಟು ವರ್ಷ ಕಾದು ರೂಢಿಯಾದವಳ ಬೆರಗಿತ್ತು.

ಆ ಮಾತನ್ನು ನಾನು ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ಸೈನಿಕನ ಸಂಸಾರ ನಡೆಯುವುದೇ ರಜೆಯಲ್ಲಿ. ವರ್ಷಕ್ಕೆ 60 ದಿನದ ವಾರ್ಷಿಕ ರಜೆ, 30 ದಿನದ ಸಾಂದರ್ಭಿಕ ರಜೆ. ಅದೂ ಗಡಿಯ ಪರಿಸ್ಥಿತಿ ಸರಿಯಿದ್ದರೆ, ಮೇಲಧಿಕಾರಿ ಒಪ್ಪಿದರೆ. ಮದುವೆ ಒಂದು ರಜೆಯಲ್ಲಿ, ಮಗುವಿನ ಮುಖ ನೋಡುವುದು ಮತ್ತೊಂದು ರಜೆಯಲ್ಲಿ, ತಂದೆಯ ತಿಥಿ ಇನ್ನೊಂದರಲ್ಲಿ. ರಜೆಯ ಮೇಲೆ ಬಂದವನಿಗೆ ಮನೆ ತನ್ನ ಹಬ್ಬದ ಮುಖವನ್ನೇ ತೋರಿಸುತ್ತದೆ; ಅವನೂ ತನ್ನ ಹಬ್ಬದ ಮುಖವನ್ನೇ ಮನೆಗೆ ತೋರಿಸುತ್ತಾನೆ. ಜಗಳಗಳನ್ನು ಅವನು ಹೋದ ಮೇಲಕ್ಕೆ ಮುಂದೂಡಲಾಗುತ್ತದೆ, ಸಾಲದ ಸುದ್ದಿ ಕೊನೆಯ ದಿನದವರೆಗೂ ಹೊರಬೀಳುವುದಿಲ್ಲ. ಹೀಗೆ ಇಪ್ಪತ್ತು ವರ್ಷ ಕಳೆದರೂ ಗಂಡ ಹೆಂಡಿರು ಒಂದೇ ಸೂರಿನಡಿ ಇದ್ದ ಕಾಲವನ್ನು ಕೂಡಿಸಿ ನೋಡಿದರೆ ಐದು ವರ್ಷ ದಾಟುವುದಿಲ್ಲ. ಮಗಳು ಯಾವ ತರಗತಿಯಲ್ಲಿ ಲೆಕ್ಕಕ್ಕೆ ಹೆದರತೊಡಗಿದಳು, ಮಗ ಯಾವ ಮಳೆಗಾಲದಲ್ಲಿ ಈಜು ಕಲಿತ ಎಂಬುದೆಲ್ಲ ಅವನಿಗೆ ಕೇಳಿ ತಿಳಿದ ಸಂಗತಿ, ಕಂಡು ತಿಳಿದದ್ದಲ್ಲ. ಯುದ್ಧದ ಗಾಯಕ್ಕೆ ವೈದ್ಯಕೀಯ ಮಂಡಳಿ ಇಷ್ಟು ಪ್ರತಿಶತ ಎಂದು ಅಂಕಿ ಬರೆಯುತ್ತದೆ. ಈ ನಷ್ಟಗಳಿಗೆ ಅಂಕಿ ಇಲ್ಲ. ಮಾವ ಒಮ್ಮೆಯೂ ಅವುಗಳ ಮಾತೆತ್ತಿದ್ದು ನನಗೆ ನೆನಪಿಲ್ಲ. ಆದರೆ ಬೆಳೆದ ಮಗ ಊಟಕ್ಕೆ ಕುಳಿತಾಗ, ಅವನಿಗೆ ಏನು ಇಷ್ಟ ಎಂದು ಅವರು ಅತ್ತಿಯ ಮುಖ ನೋಡುತ್ತಿದ್ದುದು ನೆನಪಿದೆ.

ಊರೂ ಅವನಿಗಾಗಿ ಕಾದಿರುವುದಿಲ್ಲ. ಕಟ್ಟೆಯ ಗೆಳೆಯರು ಚದುರಿರುತ್ತಾರೆ, ಅಣ್ಣತಮ್ಮಂದಿರ ನಡುವೆ ಹೊಲ ಹಂಚಿಹೋಗಿರುತ್ತದೆ, ಕಚೇರಿಗಳ ಒಳದಾರಿಗಳು ಬದಲಾಗಿರುತ್ತವೆ. ಸೈನ್ಯದಲ್ಲಿ ಕೇಳಿದ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಕೂಡಲೇ ಸಿಗುತ್ತಿತ್ತು. ಇಲ್ಲಿ ‘ನಾಳೆ ಬನ್ನಿ’ ಎಂಬ ಮೂರನೆಯ ಉತ್ತರವೊಂದಿದೆ. ಅದನ್ನು ಅರಗಿಸಿಕೊಳ್ಳುವುದು ಚಳಿಗಿಂತ ಕಷ್ಟವೆಂದು ಹಲವರು ಹೇಳಿದ್ದನ್ನು ಕೇಳಿದ್ದೇನೆ. ಜೀವನಕ್ಕೆ ಇನ್ನೊಂದು ಕೆಲಸ ಬೇಕೇ ಬೇಕು. ಒಂದು ತುಕಡಿಯನ್ನು ಮುನ್ನಡೆಸಿದ ಹವಾಲ್ದಾರ ಬ್ಯಾಂಕಿನ ಬಾಗಿಲಲ್ಲಿ, ವಸತಿ ಸಮುಚ್ಚಯದ ಗೇಟಿನಲ್ಲಿ ನಿಲ್ಲುತ್ತಾನೆ. ಆ ಕೆಲಸ ಕೀಳಲ್ಲ. ಅವನು ನಿಲ್ಲುವ ಭಂಗಿಯಲ್ಲಿ ಈಗಲೂ ಹಳೆಯ ಶಿಸ್ತಿದೆ, ಅದನ್ನು ಗುರುತಿಸುವ ಕಣ್ಣು ನಮ್ಮಲ್ಲಿ ಕಡಿಮೆಯಾಗಿದೆ. ದೊಡ್ಡವರಿಗೂ ಈ ಎರಡನೆಯ ಬಾಳು ತಪ್ಪಿದ್ದಲ್ಲ. ಕೊಡಗಿನ ಜನರಲ್ ಕಾರ್ಯಪ್ಪನವರು ಸುಮಾರು 33 ವರ್ಷ ಸೇವೆ ಸಲ್ಲಿಸಿ 1953ರಲ್ಲಿ ನಿವೃತ್ತರಾದರು. 1993ರಲ್ಲಿ ತೀರಿಕೊಳ್ಳುವವರೆಗೆ ಇನ್ನೂ 40 ವರ್ಷ ಬಾಳಿದರು, ಮತ್ತು ಆ ಕಾಲದ ಬಹುಭಾಗವನ್ನು ಮಾಜಿ ಸೈನಿಕರ ಹಿತಕ್ಕೇ ಮೀಸಲಿಟ್ಟರು. ಅದೇ ನೆಲದ ಜನರಲ್ ತಿಮ್ಮಯ್ಯನವರು 1961ರಲ್ಲಿ ನಿವೃತ್ತರಾದವರು ಮತ್ತೆ ಕರೆಗೆ ಓಗೊಟ್ಟು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನೇತೃತ್ವ ವಹಿಸಿ 1965ರಲ್ಲಿ ಅಲ್ಲೇ ಪ್ರಾಣಬಿಟ್ಟರು.

ನಮ್ಮ ನಾಡಿನ ವೀರಗಲ್ಲುಗಳನ್ನು ನೋಡುವಾಗ ನನಗೆ ಒಂದು ಯೋಚನೆ ಬರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುತ್ತಿದ್ದರು. ಬಿದ್ದವನನ್ನು ಗೌರವಿಸುವ ರೀತಿ ಈ ನೆಲಕ್ಕೆ ಚೆನ್ನಾಗಿ ತಿಳಿದಿತ್ತು. ಆದರೆ ಕಾದಾಡಿ, ಬದುಕಿ, ಬಾಗಿಲು ತಟ್ಟಿದವನ ಪಟ್ಟಿಕೆಯನ್ನು ನಾನು ಕಂಡ ಯಾವ ಕಲ್ಲಿನಲ್ಲೂ ಕೆತ್ತಿಲ್ಲ. ಇದಕ್ಕೆ ಹತ್ತಿರ ಬರುವುದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವುದು, ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೆರನಿಗೆ ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಸೆಣಸಿ ಸತ್ತಾಗ ಕಲ್ಲು ನೆಟ್ಟದ್ದು ಅದಕ್ಕಾಗಿ. ಮಹಾಯುದ್ಧದಿಂದ ಬದುಕಿ ಬಂದವನೊಬ್ಬ ಒಂದು ಮೂಕಪ್ರಾಣಿಯ ಸಂಗವನ್ನಷ್ಟೇ ಏಕೆ ಬಯಸಿದ? ಶಾಸನ ಅದನ್ನು ಹೇಳುವುದಿಲ್ಲ. ಮಾವ ಸಂಜೆಯ ಹೊತ್ತು ಮಾತಿಲ್ಲದೆ ಎತ್ತುಗಳ ಮೈ ತಿಕ್ಕುತ್ತಿದ್ದುದನ್ನು ಕಂಡಾಗ ನನಗೆ ಆ ಮಣಲೆರ ಸ್ವಲ್ಪ ಅರ್ಥವಾದನೆನ್ನಿಸಿತು.

ಬದುಕಿ ಬಂದವನಿಗೆ ಇಲ್ಲದ ಆ ಪಟ್ಟಿಕೆಯನ್ನು ಆಧುನಿಕ ಕಾಲ ಪಿಂಚಣಿಯ ರೂಪದಲ್ಲಿ ಕೆತ್ತಿದೆ. ಕೊನೆಯ ವೇತನದ ಅರ್ಧ ಭಾಗ, ಪ್ರತಿ ತಿಂಗಳು, ಉಸಿರಿರುವವರೆಗೆ. ಇದು ದೊರೆಯ ದಯೆಯಲ್ಲ. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟಪಡಿಸಿತು: ಪಿಂಚಣಿಯು ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು, ನಿವೃತ್ತಿಯ ದಿನಾಂಕವನ್ನಷ್ಟೇ ಹಿಡಿದು ಒಂದೇ ಬಗೆಯ ನಿವೃತ್ತರಲ್ಲಿ ಭೇದ ಮಾಡಲಾಗದು. ಆ ದಿನವನ್ನು ನಿವೃತ್ತರ ಸಂಘಗಳು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತವೆ. ಆದರೂ ಒಂದೇ ಹುದ್ದೆಯಲ್ಲಿ ಅಷ್ಟೇ ವರ್ಷ ದುಡಿದ ಇಬ್ಬರು ಸೈನಿಕರು, ಬೇರೆ ಬೇರೆ ವರ್ಷ ಹೊರಬಂದರೆಂಬ ಕಾರಣಕ್ಕೆ, ಬೇರೆ ಬೇರೆ ಮೊತ್ತ ಪಡೆಯುವುದು ನಿಲ್ಲಲಿಲ್ಲ. ಮುಪ್ಪಿನ ಸೈನಿಕರು 2015ರ ಬೇಸಿಗೆಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಪದಕಗಳನ್ನು ಧರಿಸಿ ಕುಳಿತದ್ದು ಇದಕ್ಕಾಗಿಯೇ. ‘ಒಂದು ಹುದ್ದೆ, ಒಂದು ಪಿಂಚಣಿ’ ಆ ವರ್ಷದ ನವೆಂಬರಿನಲ್ಲಿ ಆದೇಶವಾಗಿ, 2014ರ ಜುಲೈ 1ರಿಂದ ಪೂರ್ವಾನ್ವಯವಾಗಿ ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂಬ ನಿಯಮವನ್ನು ನ್ಯಾಯಾಲಯ 2022ರಲ್ಲಿ ಎತ್ತಿಹಿಡಿಯಿತು. ಐದು ವರ್ಷ ಎಂಬುದು ಖಜಾನೆಯ ದೃಷ್ಟಿಯಲ್ಲಿ ಸಣ್ಣ ಅವಧಿ. ಎಂಬತ್ತು ದಾಟಿದವನಿಗೆ ಅದು ಹಾಗಿಲ್ಲ.

ಈ ವ್ಯವಸ್ಥೆಯಲ್ಲಿ ನನ್ನನ್ನು ಹೆಚ್ಚು ಕಾಲ ನಿಲ್ಲಿಸಿ ಯೋಚಿಸುವಂತೆ ಮಾಡಿದ್ದು ಕಮ್ಯುಟೇಷನ್. ಸೈನಿಕನು ತನ್ನ ಪಿಂಚಣಿಯ ಅರ್ಧದವರೆಗೆ ಸರ್ಕಾರಕ್ಕೆ ಬಿಟ್ಟುಕೊಟ್ಟು, ಅದರ ಬದಲು ಒಂದು ಇಡಿಗಂಟನ್ನು ಮುಂಚಿತವಾಗಿ ಪಡೆಯಬಹುದು. ಬಿಟ್ಟುಕೊಟ್ಟ ಭಾಗ 15 ವರ್ಷದ ನಂತರ ಮರಳಿ ಸೇರುತ್ತದೆ. ಗಂಟು ಎಷ್ಟೆಂದು ನಿರ್ಧರಿಸಲು ವಯಸ್ಸಿಗೊಂದು ಅಂಕಿಯ ಕೋಷ್ಟಕವಿದೆ: ನಲವತ್ತರ ಆಸುಪಾಸಿನವನಿಗೆ ಒಂಬತ್ತಕ್ಕಿಂತ ತುಸು ಹೆಚ್ಚು, ಅರುವತ್ತರಲ್ಲಿ ನಿವೃತ್ತನಾಗುವವನಿಗೆ 8.194. ಬಿಟ್ಟುಕೊಟ್ಟ ತಿಂಗಳ ಮೊತ್ತವನ್ನು ಹನ್ನೆರಡರಿಂದಲೂ ಆ ಅಂಕಿಯಿಂದಲೂ ಗುಣಿಸುತ್ತಾರೆ. ಮನೆ ಕಟ್ಟಬೇಕು, ಮಗಳ ಮದುವೆ ಮಾಡಬೇಕು, ಹಳೆಯ ಸಾಲ ತೀರಿಸಬೇಕು. ಹಾಗಾಗಿ ಬಹಳಷ್ಟು ಜನ ಒಪ್ಪಿ ಸಹಿ ಹಾಕುತ್ತಾರೆ. ಆ ಸಹಿಯಲ್ಲಿ ಮನುಷ್ಯನು ತನ್ನ ಮುಂದಿನ ಕಾಲವನ್ನು ಮಾರಿ ಇಂದಿನ ಅಗತ್ಯವನ್ನು ಕೊಳ್ಳುತ್ತಾನೆ. ಆಗ ಅವನ ವಯಸ್ಸು ನಲವತ್ತು. ಹದಿನೈದು ವರ್ಷ ಎಂಬುದು ಕಣ್ಣಿಗೆ ಕಾಣುವ ದೂರದಲ್ಲಿದೆ. ಗಂಟು ಕೈಗೆ ಬಂದ ವರ್ಷದಲ್ಲಿ ಬಂಧುಗಳು ಹೆಚ್ಚುತ್ತಾರೆ, ಸಲಹೆಗಳೂ ಹೆಚ್ಚುತ್ತವೆ. ಇಪ್ಪತ್ತು ವರ್ಷ ಹಣದ ವ್ಯವಹಾರವನ್ನೇ ಮಾಡದಿದ್ದವನು, ಊಟ ಬಟ್ಟೆ ವಸತಿ ಎಲ್ಲವೂ ಆದೇಶದಂತೆ ಒದಗುತ್ತಿದ್ದವನು, ಒಮ್ಮೆಲೇ ಅಷ್ಟು ಹಣದ ಮುಂದೆ ಒಬ್ಬನೇ ನಿಲ್ಲುತ್ತಾನೆ. ನಂಬಿಕೆಯೇ ಅವನ ವೃತ್ತಿಯ ಬಂಡವಾಳವಾಗಿತ್ತು. ಬಲಗಡೆಯವನು ತನ್ನ ಬೆನ್ನು ಕಾಯುತ್ತಾನೆಂದು ನಂಬಿ ಬಾಳಿದವನು ಸಂತೆಯಲ್ಲೂ ಹಾಗೆಯೇ ನಂಬುತ್ತಾನೆ. ಗಂಟು ಕರಗಿದ ಕತೆಗಳನ್ನು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಕೇಳಬಹುದು, ಹೇಳುವವರು ತುಂಬ ಮೆಲ್ಲಗೆ ಹೇಳುತ್ತಾರೆ.

ಸೈನ್ಯದಲ್ಲಿದ್ದಾಗ ಪ್ರತಿದಿನ ಹಾಜರಿ ಕೂಗಿದಾಗ ಹೆಸರಿಗೆ ಓಗೊಡಬೇಕಿತ್ತು. ಈಗ ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ತಾನು ಬದುಕಿದ್ದೇನೆಂದು ಸರ್ಕಾರಕ್ಕೆ ತಿಳಿಸಬೇಕು. ಹಿಂದೆ ಬ್ಯಾಂಕಿನ ಅಧಿಕಾರಿಯ ಎದುರು ಸಹಿ ಮಾಡಿದರೆ ಸಾಕಾಗಿತ್ತು. 2014ರಿಂದ ಬೆರಳಚ್ಚಿನ ಜೀವನ್ ಪ್ರಮಾಣ್ ಬಂದಿದೆ, ಈಗ ಪಿಂಚಣಿಯ ಲೆಕ್ಕವೆಲ್ಲ ಸ್ಪರ್ಶ್ ಎಂಬ ಒಂದೇ ವ್ಯವಸ್ಥೆಗೆ ಸೇರಿದೆ. ಅನುಕೂಲ ನಿಜ. ಆದರೆ ಗುದ್ದಲಿ ಹಿಡಿದು ಸವೆದ ಬೆರಳು ಯಂತ್ರಕ್ಕೆ ಗುರುತು ಸಿಗದೆ ಹೋದಾಗ, ಮುದುಕರೊಬ್ಬರು ಮತ್ತೆ ಮತ್ತೆ ಬೆರಳೊರೆಸಿ ಒತ್ತುವುದನ್ನು ನೋಡುವುದು ಕಷ್ಟ.

ಇನ್ನು ಮುಂದೆ ಮರಳಿ ಬರುವ ಬಹಳಷ್ಟು ಹುಡುಗರಿಗೆ ಈ ಯಾವ ಲೆಕ್ಕವೂ ಇರುವುದಿಲ್ಲ. 2022ರ ಜೂನಿನಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ನೂರರಲ್ಲಿ 25 ಮಂದಿಯವರೆಗೆ ಮಾತ್ರ ಮುಂದುವರಿಯುತ್ತಾರೆ. ಉಳಿದವರಿಗೆ ಪಿಂಚಣಿಯಿಲ್ಲ. ತಿಂಗಳ ವೇತನದಲ್ಲಿ ನೂರಕ್ಕೆ 30ರಂತೆ ಅವರು ಕೂಡಿಟ್ಟದ್ದು, ಸರ್ಕಾರ ಅಷ್ಟೇ ಸೇರಿಸಿದ್ದು, ಬಡ್ಡಿಯೂ ಸೇರಿ ಒಟ್ಟು ಸುಮಾರು 11.71 ಲಕ್ಷ ರೂಪಾಯಿ. ಸೈನ್ಯವನ್ನು ತರುಣವಾಗಿರಿಸುವ ಅಗತ್ಯವನ್ನು ನಾನು ಅಲ್ಲಗಳೆಯಲಾರೆ. ಇಪ್ಪತ್ತೆರಡು ಇಪ್ಪತ್ತಮೂರರಲ್ಲಿ ಮರಳಿದವನಿಗೆ ಇನ್ನೊಂದು ವೃತ್ತಿ ಕಲಿಯುವ ಕಾಲವಿದೆ ಎಂಬ ವಾದದಲ್ಲೂ ಹುರುಳಿದೆ. ಆದರೆ ದೇಶವೂ ಸೈನಿಕನೂ ಆಯುಷ್ಯವಿಡೀ ಒಬ್ಬರಿಗೊಬ್ಬರು ಬದ್ಧರು ಎಂಬ ಹಳೆಯ ಒಪ್ಪಂದವನ್ನು ನಾವು ಕೈಬಿಟ್ಟಿದ್ದೇವೆ. ಅದು ಸಣ್ಣ ನಷ್ಟವಲ್ಲವೆಂದು ನನ್ನ ಭಾವನೆ.

ಮಾವ ಈಗಿಲ್ಲ. ಅತ್ತಿಯ ಹೆಸರಿಗೆ ಕುಟುಂಬ ಪಿಂಚಣಿ ಬರುತ್ತದೆ. ಸಾಮಾನ್ಯ ಸಂದರ್ಭದಲ್ಲಿ ಅದು ಕೊನೆಯ ವೇತನದ ನೂರಕ್ಕೆ 30 ಭಾಗ. ಆದರೆ ಅದು ಕೈಸೇರಲು ಬಹಳ ತಿಂಗಳು ಹಿಡಿಯಿತು. ದೂರದ ಠಾಣೆಯಲ್ಲಿ ಕನ್ನಡ ಬಾರದ ಯಾರೋ ಗುಮಾಸ್ತರು ಎಂದೋ ಬರೆದುಕೊಂಡ ಅವಳ ಹೆಸರು ಒಂದು ತೆರನಾಗಿತ್ತು, ಆಧಾರ್‌ನಲ್ಲಿ ಇನ್ನೊಂದು ತೆರನಾಗಿತ್ತು. ಹುಟ್ಟಿದ ದಿನಾಂಕವೂ ತಾಳೆಯಾಗುತ್ತಿರಲಿಲ್ಲ. ಅವರಿಲ್ಲದ ಮನೆಯನ್ನು ಅಷ್ಟು ವರ್ಷ ನಡೆಸಿದವಳು, ತಾನೇ ಅವರ ಹೆಂಡತಿಯೆಂದು ಕಚೇರಿಯಿಂದ ಕಚೇರಿಗೆ ಅಲೆದು ರುಜುವಾತು ಮಾಡಬೇಕಾಯಿತು. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ, ಸೇವೆ ಮುಗಿಸಿ ಬಂದವರು ಯಾರಾದರೂ ಇದ್ದರೆ ಅವರ ಪಕ್ಕದಲ್ಲಿ ಒಂದು ಸಂಜೆ ಕುಳಿತು ಪಿಂಚಣಿಯ ಆದೇಶಪತ್ರವನ್ನು ತೆಗೆಸಿ ನೋಡಿ. ಹೆಂಡತಿಯ ಹೆಸರು, ಜನ್ಮದಿನಾಂಕ, ಮಕ್ಕಳ ಹೆಸರು ಸರಿಯಾಗಿವೆಯೇ ಎಂದು ಓದಿ ಹೇಳಿ. ತಪ್ಪಿದ್ದರೆ ಅವರು ಇರುವಾಗಲೇ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಅವರೊಡನೆ ಹೋಗಿ ತಿದ್ದಿಸಿಕೊಂಡು ಬನ್ನಿ.