ಡಾಕ್ಟರ್ ಬ್ಯಾಡ ಅಂದಾರ

ತಂಗಿಯ ಮಗನಿಗೆ ನಾನು ಹೇಳಿದ ಆ ಮಾತು ಸುಳ್ಳು. ಡಾಕ್ಟರು ಹಾಗೆ ಹೇಳಿರಲಿಲ್ಲ.

ನಮ್ಮದು ಕೊಗನೊಳ್ಳಿ. ನಿಪ್ಪಾಣಿ ದಾಟಿ ಕೊಲ್ಹಾಪುರದ ಕಡೆ ಹೊರಟರೆ ಹೆದ್ದಾರಿಯ ಟೋಲ್ ನಾಕಾದಿಂದ ಬಹಳ ಮಂದಿಗೆ ಗೊತ್ತಿರುವ ಊರು. ಕೊಲ್ಹಾಪುರದ ಖಾಸಬಾಗ್ ಮೈದಾನದ ಕುಸ್ತಿಯ ಕತೆ ಕೇಳಿಯೇ ಇಲ್ಲಿನ ಹುಡುಗರು ಬೆಳೆಯುತ್ತಾರೆ. ಇವನೂ ಹಾಗೆಯೇ. 9 ವರ್ಷಕ್ಕೇ ತಾಲೀಮಿನ ಕೆಂಪು ಮಣ್ಣು ಮೈಗೆ ಹತ್ತಿತ್ತು. ಮನೆಯಲ್ಲಿ ಮಾತ್ರ ಅವನಿಗೆ ಬೇರೆ ಹೆಸರು: ಹಠಮಾರಿ. ಕರೆದರೆ ಒಮ್ಮೆ ಓ ಅನ್ನುವನು, ಒಮ್ಮೆ ತಿರುಗಿಯೂ ನೋಡುವವನಲ್ಲ. ಒಂದು ರಾತ್ರಿ ಕರೆಂಟು ಹೋದಾಗ ನೀರು ತರಲು ಹೇಳಿದೆ. ಅಂಗಳದಲ್ಲಿ ಬಿದ್ದು ಕೊಡ ಒಡೆದ. ‘ನೆಟ್ಟಗ ನಡಿಯಾಕ ಬರೂದಿಲ್ಲೇನು?’ ಎಂದು ಒಂದು ಬಿಟ್ಟೆ.

ಕೆಲವು ತಿಂಗಳ ಮೇಲೆ ತಾಲೀಮಿನಲ್ಲಿ ತಲೆ ನೆಲಕ್ಕೆ ಬಡಿಯಿತು. ದೊಡ್ಡ ಪೆಟ್ಟೇನಲ್ಲ. ಮರುದಿನ ಬೆಳಿಗ್ಗೆ ಎಡಗಿವಿ ಪೂರ್ತಿ ಬಂದ್. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಮೊದಲು ಶ್ರವಣ ಪರೀಕ್ಷೆ ಮಾಡಿದರು. ಬಲಗಿವಿಯೂ ಮೊದಲಿನಿಂದಲೇ ಅಷ್ಟಕ್ಕಷ್ಟೆ ಎಂದು ತಿಳಿದದ್ದು ಆಗಲೇ. ಆಮೇಲೆ ಮೆತ್ತನೆಯ ಸ್ಪಂಜಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚು ಎಂದರು. ಮುಚ್ಚಿದ್ದೇ ತಡ, ವಾಲಿಬಿಟ್ಟ. ಅಂದರೆ ಇಷ್ಟು ದಿನ ಹುಡುಗ ಕಣ್ಣಿನ ಬಲದಿಂದಲೇ ಸಮತೋಲ ಹಿಡಿದು ನಡೆಯುತ್ತಿದ್ದ. ಕತ್ತಲೆಯಲ್ಲಿ ಆ ಆಸರೆ ಇಲ್ಲ. ಒಡೆದ ಕೊಡ ನನಗೆ ಅಲ್ಲೇ ನೆನಪಾಯಿತು. ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದೇ ತಿಳಿಯಲಿಲ್ಲ.

ಸಿ.ಟಿ. ಸ್ಕ್ಯಾನಿನಲ್ಲಿ ಕಾರಣ ಸಿಕ್ಕಿತು. ಕೇಳುವ ಬಸವನಹುಳುವಿನಾಕಾರದ ಸುರುಳಿ, ಸಮತೋಲ ಕಾಯುವ ಮೂರು ಅರ್ಧಚಂದ್ರ ನಾಳಗಳು, ಎರಡೂ ಕಿವಿಯ ಹಿಂದಿನ ಗಟ್ಟಿ ಎಲುಬಿನೊಳಗೆ ಅಕ್ಕಪಕ್ಕದಲ್ಲಿ ಕೂತಿವೆ. ಅಲ್ಲಿಂದ ಮಿದುಳಿನ ಕಡೆಗೆ ಎಲುಬಿನಲ್ಲೇ ಒಂದು ಸಣ್ಣ ಕಾಲುವೆ ಹೋಗುತ್ತದೆ. ಅದರ ನಡುಭಾಗ 1.5 ಮಿಲಿಮೀಟರಿಗಿಂತ ಅಗಲವಿದ್ದರೆ ಅದು ಅಸಹಜ ಎಂಬ ಅಳತೆಯನ್ನು ವಲ್ವಸ್ಸೋರಿ ಮತ್ತು ಕ್ಲೆಮಿಸ್ ಎಂಬ ವೈದ್ಯರು 1978ರಲ್ಲಿ ಕೊಟ್ಟರು. ಈಗ ಅದಕ್ಕಿಂತ ಕಡಿಮೆ ಅಳತೆಯನ್ನೂ ಕೆಲವರು ಒಪ್ಪುತ್ತಾರೆ. ಇಂಥ ಮಕ್ಕಳಿಗೆ ಕಿವಿ ಒಂದೇ ಸಲ ಹೋಗುವುದಿಲ್ಲ, ಮೆಟ್ಟಿಲು ಇಳಿದಂತೆ ಇಳಿಯುತ್ತದೆ, ನಡುವೆ ಏರುವುದೂ ಉಂಟು. ಒಮ್ಮೆ ಕೇಳಿ ಒಮ್ಮೆ ಕೇಳದ ಹುಡುಗನನ್ನು ನಾವು ಹಠಮಾರಿ ಅಂದಿದ್ದೆವು. ಕಾಲುವೆಯನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಇಲ್ಲ. ಶ್ರವಣಯಂತ್ರ ಉಂಟು, ಅದೂ ಸಾಲದಾದರೆ ಕಾಕ್ಲಿಯರ್ ಇಂಪ್ಲಾಂಟ್.

1791ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಕಾರ್ಲೊ ಮೊಂಡಿನಿ ಎಂಬಾತ 8 ವರ್ಷದ ಕಿವುಡ ಹುಡುಗನೊಬ್ಬನ ಒಳಗಿವಿಯನ್ನು ಬಿಡಿಸಿ ನೋಡಿದ್ದನ್ನು ವಿವರಿಸಿದ. ಎರಡೂವರೆ ಇರಬೇಕಾದ ಸುರುಳಿ ಒಂದೂವರೆಗೇ ನಿಂತಿತ್ತು, ಈ ಕಾಲುವೆಯೂ ಅಗಲವಿತ್ತು. ಆ ಹುಡುಗ ಸತ್ತದ್ದು ಬಂಡಿ ಬಡಿದು ಕಾಲಿಗಾದ ಗಾಯ ಕೊಳೆತು. ಹೆದ್ದಾರಿ ಪಕ್ಕದ ಊರಿನವನಾದ ನನಗೆ ಓದಿದಾಗ ಎದೆ ಝಲ್ಲೆಂದಿತು. ಆಗ ಎಲುಬಿನ ಒಳಗನ್ನು ತಿಳಿಯಬೇಕಾದರೆ ಹುಡುಗ ಸಾಯಬೇಕಿತ್ತು. ನಮ್ಮವನದನ್ನು ಕೆಲವೇ ನಿಮಿಷದಲ್ಲಿ, ಬದುಕಿರುವಾಗಲೇ ನೋಡಿದೆವು. ಆದರೆ ಬದುಕಿರುವವನಿಗೆ ಏನು ಹೇಳಬೇಕು ಎಂಬ ಪ್ರಶ್ನೆ ಮೊಂಡಿನಿಗೆ ಇರಲಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು: ‘ತಲೆಗೆ ಪೆಟ್ಟು ಬಿದ್ದರೆ ಉಳಿದದ್ದೂ ಹೋಗಬಹುದು, ಹೋಗದೆಯೂ ಇರಬಹುದು. ಪೆಟ್ಟು ಬೀಳದೆಯೂ ಹೋಗಬಹುದು. ಕುಸ್ತಿಯಂಥ ಆಟ ಬಿಡಿಸುವುದು ಒಳ್ಳೆಯದು ಅಂತ ಬಹಳ ಜನ ವೈದ್ಯರು ಸಲಹೆ ಕೊಡುತ್ತಾರೆ, ಎಷ್ಟು ನಿರ್ಬಂಧ ಬೇಕು ಅನ್ನುವುದರಲ್ಲಿ ಒಮ್ಮತವಿಲ್ಲ. ಮನೆಯವರು ಕೂತು ಯೋಚಿಸಿ.’

ನಾವು ಯೋಚಿಸಿದೆವು, ಬೇಡ ಎಂದು ತೀರ್ಮಾನಿಸಿದೆವು. ಆ ತೀರ್ಮಾನ ಸರಿ ಎಂದೇ ಈಗಲೂ ನನ್ನ ನಂಬಿಕೆ. 9 ವರ್ಷದವನಿಗೆ ಕಿವಿಯ ಬೆಲೆ ತೂಗಲು ಬರುವುದಿಲ್ಲ. ಲಸಿಕೆ ಹಾಕಿಸುವಾಗ ನಾವೇನು ಅವನ ಒಪ್ಪಿಗೆ ಕೇಳಿದ್ದೆವೆ? ಆದರೆ ಲಸಿಕೆ ಹಾಕಿಸಿದವರು ನಾವೇ ಎಂಬುದು ಅವನಿಗೆ ಗೊತ್ತಿತ್ತು. ಅತ್ತು, ನಮ್ಮನ್ನೇ ಗುದ್ದಿದ್ದ. ಕುಸ್ತಿಯ ವಿಷಯದಲ್ಲಿ ಮಾತ್ರ ನಾವು ಡಾಕ್ಟರ ಬೆನ್ನ ಹಿಂದೆ ಅಡಗಿದೆವು. ಕೊಲ್ಹಾಪುರದಲ್ಲಿ ಕೂತವರ ಜೊತೆ ಅವನು ಹೇಗೆ ಜಗಳವಾಡಬೇಕು? ಕುಸ್ತಿಯ ಜೊತೆಗೆ ಜಗಳವಾಡುವ ಹಕ್ಕನ್ನೂ ಕಿತ್ತುಕೊಂಡಿದ್ದೆವು. ಮೊದಲು ಎಲ್ಲ ತಪ್ಪು ಹುಡುಗನದು ಅಂದೆವು, ಸ್ಕ್ಯಾನ್ ಬಂದ ಮೇಲೆ ಎಲ್ಲ ತಪ್ಪು ಎಲುಬಿನದು. ಎರಡು ಲೆಕ್ಕದಲ್ಲೂ ನಾವು ಪಾರು.

ತಂಗಿ ಒಪ್ಪಲಿಲ್ಲ. ‘ಹಂಗ ಹೇಳಿದ್ರ ನಮ್ಮ ಮ್ಯಾಲ ಸಿಟ್ಟ ಇಟಗೋತಾನ, ಅಣ್ಣಾ. ತಾಯಿ ಮ್ಯಾಲ ಸಿಟ್ಟಿದ್ರ ಮಶೀನ ಹಾಕೊಂಡಾನೇನು?’ ಅವಳ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಯಂತ್ರ ದಿನವೂ ಹಾಕಿಸಬೇಕಾದವಳು ಅವಳು; ನಾನು ಸಂಜೆ ಬಂದು ಹೋಗುವ ಮಾಮಾ. ಆದರೂ ನನ್ನ ಸುಳ್ಳನ್ನು ನಾನೇ ತೆಗೆಯಬೇಕಿತ್ತು.

ಹೋದ ವಾರ ಬಲಗಡೆಗೆ ಕೂತು ಹೇಳಿದೆ. ಕತ್ತಲಲ್ಲಿ ಹೊಡೆದದ್ದು ನನ್ನ ತಪ್ಪು ಅಂದೆ. ಅವನಿಗೆ ಅದು ನೆನಪೇ ಇರಲಿಲ್ಲ, ಅಥವಾ ಇಲ್ಲ ಅಂದ. ಕುಸ್ತಿಯ ಮಾತಿಗೆ ಮಾತ್ರ ನೆಟ್ಟಗೆ ನೋಡಿದ.

‘ಹಂಗಂದ್ರ ಬ್ಯಾಡ ಅಂದಾಂವ ನೀನ?’

‘ನಾ, ನಿಮ್ಮವ್ವ, ನಿಮ್ಮಪ್ಪ.’

ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೆಯ ದಿನ ನೋಟ್‌ಬುಕ್ಕಿನ ಹಿಂದಿನ ಹಾಳೆ ತಂದು ತೋರಿಸಿದ. ಮುಂದಿನ ಸಲ ಡಾಕ್ಟರನ್ನು ತಾನೇ ಕೇಳಬೇಕಾದ ಪ್ರಶ್ನೆಗಳು: ಓಡಬಹುದಾ, ಸೈಕಲ್ ಹೊಡೆಯಬಹುದಾ, ದೂಧಗಂಗೆಯಲ್ಲಿ ಈಜಬಹುದಾ. ನಾಲ್ಕನೆಯದನ್ನು ಬರೆದು ಗೀಚಿ ಹಾಕಿದ್ದ, ಓದಲು ಬರಲಿಲ್ಲ. ನಾನು ಕೇಳಲೂ ಇಲ್ಲ.