ಕ್ಷಮೆಯಿಲ್ಲದ ನಿವೇದನೆ

ಆಫ್ರಿಕದ ಹಿಪ್ಪೋ ನಗರದ ಬಿಷಪ್ಪನಾಗಿದ್ದ ಅಗಸ್ಟೀನನು ನಾಲ್ಕನೆಯ ಶತಮಾನದ ಕೊನೆಯಲ್ಲಿ ತನ್ನ ಆತ್ಮನಿವೇದನೆಯ ಗ್ರಂಥವನ್ನು ರಚಿಸುವಾಗ, ಹದಿನಾರರ ಹರೆಯದಲ್ಲಿ ಗೆಳೆಯರೊಡಗೂಡಿ ನೆರೆಯ ತೋಟದ ಪಿಯರ್ ಹಣ್ಣುಗಳನ್ನು ಕದ್ದ ಅಲ್ಪಪ್ರಸಂಗವೊಂದರ ಮೇಲೆ ಪುಟಗಟ್ಟಲೆ ವಿಚಾರ ನಡೆಸಿದನು. ಹಸಿವಿರಲಿಲ್ಲ, ಹಣ್ಣಿಗೆ ಬಣ್ಣವಾಗಲಿ ರುಚಿಯಾಗಲಿ ಇರಲಿಲ್ಲ, ಕದ್ದುದರಲ್ಲಿ ಬಹುಪಾಲು ಹಂದಿಗಳ ಪಾಲಾಯಿತು. ಹಾಗಿದ್ದೂ ಕದ್ದದ್ದೇಕೆ? ಮಾಡಿದ ಕಾರ್ಯಕ್ಕಿಂತ ಅದರ ಮೂಲದಲ್ಲಿರುವ ಇಚ್ಛೆಯೇ ದುರ್ಗಮವೆಂಬ ಈ ವಿಸ್ಮಯದಿಂದ ಪಾಶ್ಚಾತ್ಯರ ಅಂತರಂಗಶೋಧನೆ ಬಲವಾಗಿ ಬೆಳೆಯಿತು. ಮುಂದೆ 1215ರಲ್ಲಿ ರೋಮಿನ ಲ್ಯಾಟರನ್ನಿನಲ್ಲಿ ನೆರೆದ ಧರ್ಮಮಹಾಸಭೆಯು, ವಿವೇಕದ ವಯಸ್ಸಿಗೆ ಬಂದ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಪಾದ್ರಿಯ ಮುಂದೆ ಪಾಪನಿವೇದನೆ ಮಾಡತಕ್ಕದ್ದೆಂದು ವಿಧಿಸಿದಾಗ, ಸಂತನೊಬ್ಬನ ಸಾಧನೆಯಾಗಿದ್ದದ್ದು ಸರ್ವಸಾಮಾನ್ಯರ ಕರ್ತವ್ಯವಾಯಿತು.

ಈ ದೀರ್ಘಪರಂಪರೆಯ ಹಕ್ಕುದಾರನಾಗಿ ಆಧುನಿಕ ಯೂರೋಪಿನಲ್ಲಿ ಕಾಣಿಸಿಕೊಂಡವನು, ಯಾವ ದೇವರನ್ನೂ ನಂಬದ ಒಬ್ಬ ಯಹೂದಿ ವೈದ್ಯ. ವಿಯೆನ್ನಾದ ಬೆರ್ಗ್‌ಗಾಸೆ ಬೀದಿಯ 19ನೆಯ ಸಂಖ್ಯೆಯ ಮನೆಯಲ್ಲಿ 1891ರಿಂದ 1938ರವರೆಗೆ ವಾಸಿಸಿದ ಸಿಗ್ಮಂಡ್ ಫ್ರಾಯ್ಡನು ರೋಗಿಯನ್ನು ಮಂಚದ ಮೇಲೆ ಮಲಗಿಸಿ, ತಾನು ಅವನ ಕಣ್ಣಿಗೆ ಬೀಳದಂತೆ ತಲೆಯ ಹಿಂಬದಿಯಲ್ಲಿ ಕುಳಿತು, ರೈಲಿನ ಕಿಟಕಿಯ ಬಳಿ ಕುಳಿತ ಪ್ರಯಾಣಿಕನು ಹೊರಗೆ ಸರಿದುಹೋಗುವ ನೋಟವನ್ನು ಒಳಗಿರುವವನಿಗೆ ಬಣ್ಣಿಸುವಂತೆ, ಮನಸ್ಸಿಗೆ ಬಂದುದೆಲ್ಲವನ್ನೂ ಆಯ್ಕೆಮಾಡದೆ ಹೇಳಬೇಕೆಂದು ಸೂಚಿಸುತ್ತಿದ್ದನು. ಪಾಪನಿವೇದನೆಯಲ್ಲಿ ಮನುಷ್ಯನು ತಾನು ಬಲ್ಲದ್ದನ್ನು ಹೇಳುತ್ತಾನೆ, ಮನೋವಿಶ್ಲೇಷಣೆಯಲ್ಲಾದರೋ ಅದಕ್ಕಿಂತ ಹೆಚ್ಚಿನದನ್ನು ಹೇಳಬೇಕಾಗುತ್ತದೆ ಎಂದು 1926ರಲ್ಲಿ ಆತನೇ ಈ ಎರಡರ ಅಂತರವನ್ನು ಗುರುತಿಸಿದ್ದಾನೆ.

ಅಂತರ ಇನ್ನೂ ಒಂದಿದೆ. ನನಗೆ ಅದೇ ದೊಡ್ಡದಾಗಿ ತೋರುತ್ತದೆ. ಪಾದ್ರಿಯು ಕೇಳಿದ ಬಳಿಕ ಪಾಪವಿಮೋಚನೆಯ ವಾಕ್ಯವನ್ನು ಉಚ್ಚರಿಸುತ್ತಾನೆ, ವೈದ್ಯನು ಉಚ್ಚರಿಸುವುದಿಲ್ಲ. ತನ್ನ ಸಹೋದ್ಯೋಗಿ ವೈದ್ಯ ಬ್ರಾಯರನೊಡನೆ 1895ರಲ್ಲಿ ಪ್ರಕಟಿಸಿದ ಹಿಸ್ಟೀರಿಯಾ ಕುರಿತ ಗ್ರಂಥದ ಕೊನೆಯಲ್ಲಿ ಫ್ರಾಯ್ಡನು ತನ್ನ ರೋಗಿಗಳಿಗೆ ಕೊಡುವ ಆಶ್ವಾಸನೆ, ರೋಗದ ಯಾತನೆಯನ್ನು ಮನುಷ್ಯಮಾತ್ರರಿಗೆ ಸಹಜವಾದ ದುಃಖವನ್ನಾಗಿ ಪರಿವರ್ತಿಸಿದರೆ ಅದೇ ದೊಡ್ಡ ಲಾಭವೆಂಬಷ್ಟೇ. ಶಾಂತಿಯನ್ನು ಅಗ್ಗದ ಬೆಲೆಗೆ ಮಾರಲೊಪ್ಪದ ಈ ಕಠೋರ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಆದರೆ ಅಷ್ಟರಿಂದ ತೃಪ್ತನಾಗದ ಮಿತ್ರನೊಬ್ಬನು ಫ್ರಾಯ್ಡನಿಗಿದ್ದನು: ಜೂರಿಕ್ ನಗರದ ಪ್ರಾಟೆಸ್ಟಂಟ್ ಪಾದ್ರಿ ಆಸ್ಕರ್ ಫಿಸ್ಟರ್. 1909ರಲ್ಲಿ ತೊಡಗಿದ ಇವರ ಸ್ನೇಹ ಮೂವತ್ತು ವರ್ಷ ಕಡಿಯಲಿಲ್ಲ. ಧರ್ಮದ ಸೊಲ್ಲೇ ಇಲ್ಲದ ಆ ಮನೆಗೆ ಈತ ಬಂದನೆಂದರೆ ಮಕ್ಕಳಿಗೆ ಹಬ್ಬ. ಫ್ರಾಯ್ಡನು 1927ರಲ್ಲಿ ‘ಭ್ರಾಂತಿಯೊಂದರ ಭವಿಷ್ಯ’ವನ್ನು ಬರೆದು, ಅಸಹಾಯನಾದ ಶಿಶುವಿಗೆ ತಂದೆಯ ಮೇಲಿರುವ ಹಂಬಲವೇ ಈಶ್ವರಭಾವನೆಯ ಮೂಲವೆಂದಾಗ, ಫಿಸ್ಟರನು ಮರುವರ್ಷವೇ ‘ಭವಿಷ್ಯವೊಂದರ ಭ್ರಾಂತಿ’ ಎಂಬ ಉತ್ತರವನ್ನು ಫ್ರಾಯ್ಡನದೇ ಪತ್ರಿಕೆಯಾದ ‘ಇಮಾಗೊ’ದಲ್ಲಿ ಅಚ್ಚುಮಾಡಿಸಿದನು. ವಿಜ್ಞಾನವೊಂದರಿಂದಲೇ ಮಾನವನಿಗೆ ಸದ್ಗತಿಯೆಂಬುದೂ ಒಂದು ಇಚ್ಛಾಕಲ್ಪನೆಯಾಗಬಾರದೇಕೆ ಎಂಬುದು ಅವನ ಪ್ರಶ್ನೆ. ತನ್ನ ಮತವನ್ನು ಖಂಡಿಸುವ ಬರಹವನ್ನು ತಾನೇ ಮುಂದಾಗಿ ಸ್ವಾಗತಿಸಿದ ಫ್ರಾಯ್ಡನ ಔದಾರ್ಯವೂ, ಸ್ನೇಹಕ್ಕಾಗಿ ಶ್ರದ್ಧೆಯನ್ನು ಬಿಟ್ಟುಕೊಡದ ಫಿಸ್ಟರನ ಸ್ಥೈರ್ಯವೂ ಮತವಾದಗಳ ಚರಿತ್ರೆಯಲ್ಲಿ ವಿರಳ.

ದೇವರು ತಂದೆಯ ಪ್ರತಿಬಿಂಬವೇ ಅಲ್ಲವೇ ಎಂಬ ಚರ್ಚೆಯನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಹಂಬಲದಿಂದ ಹುಟ್ಟಿದ ನಂಬಿಕೆ ಸುಳ್ಳೇ ಆಗಿರಬೇಕೆಂಬ ನಿಯಮವಿಲ್ಲವೆಂಬುದನ್ನು ಫ್ರಾಯ್ಡನೂ ಒಪ್ಪಿದ್ದನು. ನನ್ನನ್ನು ಕಾಡುವುದು ಪಾಪದ ಪ್ರಶ್ನೆ. 1930ರಲ್ಲಿ ಹೊರಬಂದ ನಾಗರಿಕತೆಯ ಅಸಮಾಧಾನವನ್ನು ಕುರಿತ ಗ್ರಂಥದಲ್ಲಿ, ಹೊರಕ್ಕೆ ಹರಿಯಲಾರದ ಆಕ್ರಮಣಪ್ರವೃತ್ತಿ ಒಳಕ್ಕೆ ತಿರುಗಿ, ಅಂತರಂಗದ ದಂಡಾಧಿಕಾರಿಯಾಗಿ ಅಹಂಕಾರವನ್ನು ಹಿಂಸಿಸುವುದೇ ಪಾಪಪ್ರಜ್ಞೆಯೆಂದು ಫ್ರಾಯ್ಡನು ನಿರೂಪಿಸುತ್ತಾನೆ. ಏನೂ ಮಾಡದಿದ್ದರೂ ತಾನು ಪಾಪಿಯೆಂದು ಬೇಯುವ ಜೀವಗಳಿಗೆ ಈ ನಿರೂಪಣೆಯಿಂದ ಆದ ಉಪಕಾರ ಅಪಾರ. ಧರ್ಮಪೀಠಗಳು ಅಂಥವರ ವ್ರಣವನ್ನು ಎಷ್ಟೋ ವೇಳೆ ಕೆದಕಿದುವೇ ಹೊರತು ಮಾಯಿಸಲಿಲ್ಲ. ಆದರೆ ನಿಜವಾಗಿ ದ್ರೋಹವೆಸಗಿದವನ ಗತಿಯೇನು? ಅವನ ಸಂಕಟವು ರೋಗಲಕ್ಷಣವಲ್ಲ. ಅದು ಸತ್ಯದ ಅರಿವು. ಅದರ ಉತ್ಪತ್ತಿಕ್ರಮವನ್ನು ಶೈಶವದವರೆಗೆ ಬಿಡಿಸಿ ತೋರಿಸಿದರೂ ದ್ರೋಹ ದ್ರೋಹವಾಗಿಯೇ ಉಳಿಯುತ್ತದೆ. ಮಂಚದ ಮೇಲಿನ ಆ ದೀರ್ಘಸಂವಾದದಲ್ಲಿ ನೊಂದವನು ಕೇವಲ ರೋಗಿಯ ಚಿತ್ತದೊಳಗಿನ ಬಿಂಬವಾಗಿ ಬರುತ್ತಾನೆ. ತನ್ನ ನೋವನ್ನು ತಾನೇ ಹೇಳಿಕೊಳ್ಳುವ ಅವಕಾಶ ಅವನಿಗಿಲ್ಲ. ಪಾದ್ರಿಯ ಮರೆಯಲ್ಲಿಯೂ ಅವನು ಇರುವುದಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೂ ಬಲಿಪೀಠದ ಮುಂದೆ ಕಾಣಿಕೆಯನ್ನಿಟ್ಟು, ಮೊದಲು ಹೋಗಿ ಮುನಿದ ಸೋದರನೊಡನೆ ಸಂಧಿಮಾಡಿಕೊಂಡು ಬರಬೇಕೆಂಬ ಕ್ರಿಸ್ತನ ಆಜ್ಞೆ ಮತ್ತಾಯನ ಸುವಾರ್ತೆಯಲ್ಲಿ ಆ ಪಾದ್ರಿಯನ್ನೂ ಎಚ್ಚರಿಸಲು ಇದ್ದೇ ಇದೆ. ವಿಶ್ಲೇಷಕನನ್ನು ಹಾಗೆ ಎಚ್ಚರಿಸುವ ಶಾಸ್ತ್ರವಾಕ್ಯ ಯಾವುದು?

ಎಂಬತ್ತು ದಾಟಿದ ಫ್ರಾಯ್ಡನು 1937ರಲ್ಲಿ, ವಿಶ್ಲೇಷಣೆಗೆ ಮುಕ್ತಾಯವುಂಟೇ ಎಂದು ವಿಚಾರಿಸುತ್ತ, ವಿಶ್ಲೇಷಕನೂ ಐದು ವರ್ಷಗಳಿಗೊಮ್ಮೆ ನಾಚದೆ ತಾನೇ ವಿಶ್ಲೇಷಣೆಗೆ ಒಳಗಾಗಬೇಕೆಂದು ಸಲಹೆಯಿತ್ತನು. ತನ್ನ ಶಾಸ್ತ್ರದ ಮಿತಿಯನ್ನು ಶಾಸ್ತ್ರಕಾರನೇ ಇಷ್ಟು ನಿರ್ಭಯವಾಗಿ ನುಡಿದದ್ದು ಗೌರವಾರ್ಹ. ಎಷ್ಟು ಸಲ ಮಂಚಕ್ಕೆ ಮರಳಿದರೂ, ನೊಂದವನ ಮನೆಯ ಬಾಗಿಲವರೆಗೆ ನಡೆದುಹೋಗುವ ಕೆಲಸವನ್ನು ಆ ಮರಳುವಿಕೆ ಮಾಡಿಕೊಡಬಲ್ಲುದೆಂದು ಮಾತ್ರ ನನಗೆ ತೋರುವುದಿಲ್ಲ.