ದಾರುವಿಗೆ ಹತ್ತಿದ ಬಣ್ಣ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ದ್ಯಾಮವ್ವ, ಲಕ್ಷ್ಮಿ ಮೊದಲಾದ ಗ್ರಾಮದೇವತೆಗಳ ಮರದ ವಿಗ್ರಹಗಳನ್ನು ಜಾತ್ರೆಗೆ ಮುನ್ನ ಬಣ್ಣಕ್ಕೆ ಕಳುಹಿಸುವ ರೂಢಿಯುಂಟು. ಹಳೆಯ ಲೇಪವೆಲ್ಲ ಕಳಚಿ, ದೇವಿಯು ಬರಿಯ ದಾರುವಾಗಿ ಕುಳಿತ ಆ ಹೊತ್ತಿನಲ್ಲಿ ದೇವತ್ವವೆಲ್ಲಿರುವುದು? ಆಗಮಕಾರರು ಈ ಪ್ರಶ್ನೆಯನ್ನು ಉಪೇಕ್ಷಿಸಲಿಲ್ಲ. ದುರಸ್ತಿಗೆ ಮುನ್ನ ಬಿಂಬದ ಕಲೆಯನ್ನು ಕುಂಭಕ್ಕೆ ಆಕರ್ಷಿಸಿ, ಕಾರ್ಯವು ಮುಗಿದ ಬಳಿಕ ಬಿಂಬದಲ್ಲಿ ಪುನಃ ಪ್ರತಿಷ್ಠಿಸಬೇಕೆಂದು ವಿಧಿಸಿದರು. ಆದರೆ ಅಷ್ಟರಿಂದ ಮರಕ್ಕೂ ಬಣ್ಣಕ್ಕೂ ಇರುವ ಸಂಬಂಧವು ನಿರ್ಣಯವಾಗುವುದಿಲ್ಲ.

ಮರದಲ್ಲಿಯೇ ಹಣ್ಣು, ಕಾಯಿಪಲ್ಲೆಗಳ ರೂಪವನ್ನು ಕಡೆದು ನೋಡುಗರನ್ನು ಬೆರಗುಗೊಳಿಸುವ ಗೋಕಾಕದ ಗೊಂಬೆಯಲ್ಲಾಗಲಿ, ಹುಣಿಸೆಬೀಜದ ಅಂಟಿನಲ್ಲಿ ಮರದ ಹೊಟ್ಟನ್ನೂ ಸೆಣಬಿನ ಪುಡಿಯನ್ನೂ ಕಲಸಿದ ಕಿಟ್ಟವನ್ನು ಮೈಗೆಲ್ಲ ಬಳಿಯುವ ಕೊಪ್ಪಳ ಸೀಮೆಯ ಕಿನ್ನಾಳದ ಗೊಂಬೆಯಲ್ಲಾಗಲಿ, ಮರವು ಸಂಪೂರ್ಣವಾಗಿ ಮರೆಯಾಗುತ್ತದೆ. ಹಿಮದೇಶಗಳಲ್ಲಿ ಜಾರುಹಲಗೆಗಳನ್ನು, ಅಂದರೆ ಸ್ಕೀಗಳನ್ನು, ತಾವೇ ಕಟ್ಟಿಕೊಳ್ಳುವವರ ಕ್ರಮ ಬೇರೆ. ಕೆಲವರು ಒಳಗಣ ಮರದ ತಿರುಳಿಗೇ ಬಣ್ಣವನ್ನು ಕುಡಿಸಿ, ಅದರ ಮೇಲೆ ಗಾಜಿನೆಳೆಯನ್ನೂ ರಾಳವನ್ನೂ ಪಾರದರ್ಶಕವಾಗಿ ಹೊದಿಸುತ್ತಾರೆ. ಆಗ ಮರದ ಎಳೆಯೆಳೆಯೂ ಬಣ್ಣದೊಳಗಿಂದಲೇ ಕಾಣುತ್ತದೆ. ಅಡ್ಡ ಕೊಯ್ದ ತುದಿಯು ಹೆಚ್ಚು ಕುಡಿದು ಕಪ್ಪಾಗುತ್ತದೆ. ಜಿಡ್ಡಿರುವ ಕಡೆ ಬಣ್ಣ ಹಿಡಿಯುವುದೇ ಇಲ್ಲ. ಎಣ್ಣೆಬಣ್ಣವನ್ನು ಬಳಸಿದರಂತೂ ಮೇಲಣ ರಾಳದ ಬೆಸುಗೆಯೇ ಸಡಿಲಾಗಬಹುದು.

ಬಳಿದ ಬಣ್ಣ, ಕುಡಿದ ಬಣ್ಣಗಳ ಈ ಭೇದವೇ ನಮ್ಮ ದರ್ಶನಗಳ ಒಂದು ದೊಡ್ಡ ವಿವಾದದ ಮೂಲದಲ್ಲಿದೆ. ಅಲಕ್ತಕದ, ಎಂದರೆ ಅರಗಿನ ಕೆಂಪಿನ, ಸಾನ್ನಿಧ್ಯದಿಂದ ಸ್ವಚ್ಛವಾದ ಸ್ಫಟಿಕವು ಅಸ್ವಚ್ಛವಾಗದೆಂದು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಹೇಳಿದರು. ಅವರ ಮತದಲ್ಲಿ ಬಣ್ಣವು ಆತ್ಮನಿಗೆ ಎಂದೂ ಹತ್ತಿದುದಲ್ಲ. ಈ ಸೀಮೆಯಲ್ಲಿ ಬಹುಕಾಲದಿಂದ ನೆಲೆಸಿರುವ ಜೈನರ ಸಿದ್ಧಾಂತ ಹಾಗಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಂದ ಜೀವನ ಪ್ರವೃತ್ತಿಯೇ ರಂಜಿತವಾಗುತ್ತದೆ; ಹೀಗೆ ರಂಜಿತವಾದ ಪ್ರವೃತ್ತಿಗೇ ಲೇಶ್ಯೆಯೆಂದು ಹೆಸರು. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲವೆಂದು ಆ ಲೇಶ್ಯೆಗಳು 6. ಚಾವುಂಡರಾಯನ ಕಾಲದ ನೇಮಿಚಂದ್ರಾಚಾರ್ಯರ ಗೊಮ್ಮಟಸಾರದಲ್ಲಿ ಇದಕ್ಕೊಂದು ದೃಷ್ಟಾಂತವಿದೆ: ಹಸಿದ ಆರು ಮಂದಿ ಪಥಿಕರು ಫಲಭರಿತವಾದ ಮರವನ್ನು ಕಂಡಾಗ, ಕೃಷ್ಣಲೇಶ್ಯೆಯವನು ಅದನ್ನು ಬುಡಸಹಿತ ಕೀಳಬೇಕೆನ್ನುತ್ತಾನೆ, ಶುಕ್ಲಲೇಶ್ಯೆಯವನು ಉದುರಿದ ಹಣ್ಣುಗಳೇ ಸಾಕೆನ್ನುತ್ತಾನೆ. ಹಸಿವು ಎಲ್ಲರಿಗೂ ಒಂದೇ, ಮರವೂ ಒಂದೇ. ಆದರೂ ಒಬ್ಬೊಬ್ಬನಿಂದ ಆ ಮರಕ್ಕೊದಗುವ ಗತಿ ಬೇರೆಬೇರೆ.

ಪರಮಾರ್ಥದಲ್ಲಿ ಶಂಕರರ ಮಾತನ್ನು ಅಲ್ಲಗಳೆಯಲು ನನ್ನಿಂದಾಗದು. ಆದರೂ ಸಾಧಕನಾದವನಿಗೆ ಲೇಶ್ಯೆಯ ಮತವೇ ಹಿತವೆಂದು ನಾನು ನಂಬುತ್ತೇನೆ; ಏಕೆಂದರೆ ಜ್ಞಾನವುದಿಸುವ ಮುನ್ನವೇ ತಾನು ಸ್ಫಟಿಕವೆಂದು ನುಡಿಯುವವನು ತನ್ನ ಕ್ರೋಧಲೋಭಗಳ ಹೊಣೆಯನ್ನು ಹೊರದೆ ಹೋಗುತ್ತಾನೆ. ನಾವು ಸದ್ಯಕ್ಕೆ ಮರವೇ ಸರಿ. ನಮ್ಮ ನಮ್ಮ ರಂಧ್ರಗಳಿಗೆ ತಕ್ಕಷ್ಟು ಬಣ್ಣವನ್ನು ಕುಡಿದವರು. ಬಳಿದುದನ್ನು ಕೆರೆದರೆ ಹೋಗುತ್ತದೆ. ಕುಡಿದುದನ್ನು ಕಳೆಯಲು ಮರವನ್ನೇ ಹೆರೆಯಬೇಕಾಗುತ್ತದೆ, ತಪಸ್ಸಿಗೆ ಇಷ್ಟು ಕಾಠಿಣ್ಯವಿರುವುದು ಇದರಿಂದಲೇ.

ಬಳಿದ ಬಣ್ಣಕ್ಕೂ ಒಳಗಣ ಮರವೇ ಆಧಾರ: ಹಸಿ ಮರದ ಮೇಲಣ ಬಣ್ಣವು, ಮರ ಒಣಗಿ ಕುಗ್ಗಿದಾಗ, ಬಿರಿಯದೆ ಇರದು. ಆದುದರಿಂದ ದೇವಿಯನ್ನು ಬಣ್ಣಕ್ಕೆ ಕಳುಹಿಸುವ ಗ್ರಾಮದ ಹಿರಿಯರು ಮೇಲಣ ಹೊಳಪಿಗಾಗಿ ಅವಸರಿಸದೆ, ಒಳಗಣ ದಾರುವನ್ನು ಪರೀಕ್ಷಿಸಿ ಒಣಗಿಸುವಷ್ಟು ಕಾಲವನ್ನು ಕಲಾವಿದನಿಗೆ ಕೊಡಬೇಕು.